ತಾಡಪಾಲು ತಿಪ್ಪೇಶ ಹೆಣ್ಣು ನೋಡಲು ಹೋದದ್ದು

ಏ, ಚಹದಂಗಡಿ ಮುಂದೆ ನಿಂತವರೇ, ಓ ಟಂಟಂ ಗಾಡಿ ಮೇಲೆ ಕೂತವರೇ, ಇತ್ತ ಕಿವಿ ಕೊಡಿ. ಆ ಲಾರಿಗಳು ದಾಟಿಹೋಗಲಿ, ಹೇಳುತ್ತೇನೆ. ನಮ್ಮ ಪಾಪಿನಾಯಕನಹಳ್ಳಿಯ ತಿಪ್ಪೇಶ ಕಂಪ್ಲಿಗೆ ಹೆಣ್ಣು ನೋಡಲು ಹೋದ ಕಥೆ ಇದು.

ತಿಪ್ಪೇಶನ ಕೆಲಸ ಯಶವಂತನಗರದಲ್ಲಿ. ಅದಿರು ತುಂಬಿದ ಲಾರಿಗಳ ಮೇಲೆ ಹತ್ತಿ, ತಾಡಪಾಲು ಹೊದಿಸಿ, ಹಗ್ಗ ಬಿಗಿಯುವುದು. ಅವನು ಹಾಕಿದ ಗಂಟು ಘಾಟಿ ಇಳಿದರೂ ಸಡಿಲವಾಗದು ಎಂದು ಡ್ರೈವರುಗಳು ಅವನಿಗಾಗಿ ಕಾಯುತ್ತಿದ್ದರು. ನೆಲದ ಮೇಲೆ ಕೂರಿಸಿದರೆ ಮಾತ್ರ ಮುಗಿಯಿತು. ಕಾಲು ಕುಣಿಯುತ್ತದೆ, ಕೈ ಏನಾದರೊಂದನ್ನು ಎಳೆಯುತ್ತದೆ, ನೀರು ತರಲು ಹೋದವನು ಪಕ್ಕದ ಮನೆಯ ಫ್ಯಾನು ಬಿಚ್ಚಿ ಕೂತಿರುತ್ತಾನೆ. ಅವನ ತಾಯಿ ಪಂಪಮ್ಮ ಬಸುರಿದ್ದಾಗ ಹಂಪಿಯ ಕೋತಿಗೆ ಬಾಳೆಹಣ್ಣು ಕೊಟ್ಟದ್ದೇ ಕಾರಣ ಎಂದರು ಕೆಲವರು. ಚಹಾ ಜಾಸ್ತಿಯಾಗಿದೆ ಎಂದರು, ಏಟು ಕಮ್ಮಿಯಾಗಿದೆ ಎಂದರು. ಬಳ್ಳಾರಿಯ ಡಾಕ್ಟರೊಬ್ಬರು ಮಾತ್ರ ಇದಕ್ಕೆ ಎ.ಡಿ.ಎಚ್.ಡಿ. ಅಂತಾರೆ, ಹುಟ್ಟಿನಿಂದ ಬಂದದ್ದು, ಹುಚ್ಚೂ ಅಲ್ಲ ಸೊಕ್ಕೂ ಅಲ್ಲ, ಗಮನ ಒಂದೆಡೆ ನಿಲ್ಲದ ತೊಂದರೆ ಎಂದು ಬಿಡಿಸಿ ಹೇಳಿದರು. ತಿಪ್ಪೇಶನಿಗೆ ಊರಿಗೆಲ್ಲ ಸಾರಬೇಕೆನಿಸಿತು. ಪಂಪಮ್ಮ ಬಾಯಿ ಮುಚ್ಚಿಸಿದಳು.

“ಕಂಪ್ಲ್ಯಾಗ ಡಾಕ್ಟರ್ ಸುದ್ದಿ ಎತ್ತಬ್ಯಾಡ ಲೇ. ಹುಚ್ಚ ಅಂತಾರ, ಹೆಣ್ಣು ತಪ್ಪತೈತಿ. ಮದುವಿ ಆದ್ರ ಎಲ್ಲಾ ತಾನ ನಿಲ್ಲತೈತಿ.”

ಫೋಟೋದಲ್ಲಿ ಕಂಡ ಕಂಪ್ಲಿಯ ಹುಡುಗಿ ತ್ರಿವೇಣಿ ಅವನ ಮನಸ್ಸಿನಲ್ಲಿ ಕೂತುಬಿಟ್ಟಿದ್ದಳು. ಡಾಕ್ಟರರ ಮಾತು ಮುಚ್ಚಿಟ್ಟು ಮದುವೆಯಾಗುವುದು ಮಾತ್ರ ಅವನಿಗೆ ಒಗ್ಗಲಿಲ್ಲ.

ಕಂಪ್ಲಿಯ ಮನೆಯಲ್ಲಿ ಜಮಖಾನೆ ಹಾಸಿದ್ದರು. ಮಗ ಅಲುಗಾಡದಿರಲೆಂದು ಪಂಪಮ್ಮ ಅವನನ್ನು ಸೋದರಮಾವ ಹಾಲಸ್ವಾಮಿಗೂ ಹುಡುಗಿಯ ತಂದೆ ಮರಿಸ್ವಾಮಿಗೂ ನಡುವೆ ಕೂರಿಸಿದಳು. ಉಪ್ಪಿಟ್ಟು ಬಂತು, ಭತ್ತದ ಮಾತು ಬಂತು, ಕಾಲುವೆ ನೀರಿನ ಮಾತು ಬಂತು. ತಿಪ್ಪೇಶ ಮೈಯೆಲ್ಲ ಕಣ್ಣಾಗಿ ತನ್ನ ಕಾಲುಗಳನ್ನು ಕಾಯುತ್ತಿದ್ದ. ಬೆನ್ನ ಹಿಂದಿದ್ದ ಕೈಗಳನ್ನು ಕೇಳುವವರೇ ಇರಲಿಲ್ಲ.

ತ್ರಿವೇಣಿ ಚಹದ ತಟ್ಟೆ ಹಿಡಿದು ಬಂದಳು. ದಾರಿ ಬಿಡಲೆಂದು ಮರಿಸ್ವಾಮಿ ಎದ್ದರು. ಜೊತೆಗೆ ಹಾಲಸ್ವಾಮಿಯೂ ಎದ್ದರು. ಎದ್ದದ್ದಲ್ಲ, ಕೊರಳಿಗೆ ಸುತ್ತಿದ ಶಲ್ಯ ಎಬ್ಬಿಸಿತು. ಇಬ್ಬರ ಶಲ್ಯದ ತುದಿಗಳನ್ನೂ ಸೇರಿಸಿ ಲಾರಿಯ ಗಂಟು ಬಿದ್ದಿತ್ತು.

“ಇದೇನ್ರಿ ಇದು?” ಮರಿಸ್ವಾಮಿ ಜಗ್ಗಿದರು.

“ಜಗ್ಗಬ್ಯಾಡ್ರಿ, ಜಗ್ಗಿದಷ್ಟೂ ಬಿಗೀತೈತಿ,” ಎಂದ ತಿಪ್ಪೇಶ.

ಬಾಗಿಲ ಬಳಿಯಿದ್ದ ಹುಡುಗಿಯ ಅಜ್ಜಿ ಜಂಬವ್ವ ಗಲ್ಲಕ್ಕೆ ಕೈ ಹಚ್ಚಿದಳು. “ಗಂಟು ಹಾಕೋದು ಹುಡುಗ ಹುಡುಗೀಗೆ ಅಂದ್ಕೊಂಡಿದ್ದೆ ನಾನು. ಬೀಗರಿಗೆ ಹಾಕಿದ್ದು ಇವತ್ತ ನೋಡಿದ್ದು.”

ತ್ರಿವೇಣಿ ತಟ್ಟೆ ಕೆಳಗಿಟ್ಟು, ಗೋಡೆ ಹಿಡಿದು ನಕ್ಕಳು. ಮರಿಸ್ವಾಮಿ ನಗಲಿಲ್ಲ.

“ಹುಡುಗನ ತಲಿಗಿಲಿ ಕೆಟ್ಟೈತೇನ್ರಿ?”

“ಇಲ್ರೀ ಅಣ್ಣಾರ, ಭಾಳ ನಾಚಿಕಿ ಸ್ವಭಾವ ಅವಂದು,” ಎಂದಳು ಪಂಪಮ್ಮ.

“ನಾಚಿಕಿ ಅಲ್ಲವ್ವ,” ಎಂದು ಗಂಟಿಗೆ ಕೈ ಹಾಕಿದ ತಿಪ್ಪೇಶ, ಬಿಚ್ಚುವುದನ್ನು ಅರ್ಧಕ್ಕೇ ಬಿಟ್ಟು ಡಾಕ್ಟರರ ಮಾತೆಲ್ಲ ಹೇಳಿಬಿಟ್ಟ. ಪಂಪಮ್ಮ ಸೆರಗಿನಿಂದ ಮುಖ ಮುಚ್ಚಿಕೊಂಡಳು.

ನಗು ನಿಲ್ಲಿಸಿ ತ್ರಿವೇಣಿ ಕೇಳಿದಳು. “ಮದುವಿ ಆದ್ರ ಹೋಗತೈತೇನ್ರಿ ಇದು?”

“ಇಲ್ರಿ. ಗುಳಿಗಿ ತಗೊಂಡ್ರ ಒಂಚೂರು ಹತೋಟಿಗೆ ಬರತೈತಂತ. ಮದುವಿ ಇದಕ್ಕ ಔಷಧಿ ಅಲ್ಲಂತ.”

“ಚಲೋ ಆತು. ಔಷಧಿ ಆಗು ಅಂದಿದ್ರ ನಾ ಒಲ್ಲೆ ಅಂತಿದ್ದೆ. ಹೆಂಡ್ತಿ ಆಗು ಅಂದ್ರ ಆಗ್ತೀನಿ.”

ಮರಿಸ್ವಾಮಿ ಗಕ್ಕನೆ ಮಗಳತ್ತ ತಿರುಗಿದರು. ಪಾಪ, ಹಾಲಸ್ವಾಮಿಯೂ ತಿರುಗಬೇಕಾಯಿತು. ಮಗಳ ಮುಖ ನೋಡಿದ ಮರಿಸ್ವಾಮಿ ಶಲ್ಯದ ಗಂಟನ್ನು ತಿಪ್ಪೇಶನ ಮುಂದೆ ಹಿಡಿದರು.

“ಮೊದ್ಲು ಇದನ್ನ ಬಿಚ್ಚಪ್ಪ. ಆಮ್ಯಾಲ ತಾರೀಖು ನೋಡೋಣು.”

ಸಂಜೆ ಊರಿಗೆ ಬಂದವನೇ ತಿಪ್ಪೇಶ ಕಾಯಿನ್ ಬಾಕ್ಸಿಗೆ ಓಡಿ, ರೂಪಾಯಿ ಹಾಕಿ ಕಂಪ್ಲಿಗೆ ಫೋನು ಹಚ್ಚಿದ. ಎತ್ತಿದವರು ಮರಿಸ್ವಾಮಿ. ತ್ರಿವೇಣಿಗೆ ಹೇಳಬೇಕೆಂದಿದ್ದ ಮಾತೆಲ್ಲ ಹಾರಿಹೋಯಿತು.

“ಮಾವಾರ, ಊಟ ಆತೇನ್ರಿ?”

“ಆತಪ್ಪ.”

ಫೋನಿಟ್ಟ. ಕಿಸೆ ತಡಕಾಡಿ ಇನ್ನೊಂದು ರೂಪಾಯಿ ಹಾಕಿದ.