ಪುತಳಾಬಾಯಿ ಸಾರಿಸಿದ ಅಂಗಳ

ಬೀದರ ಜಿಲ್ಲೆಯ ಔರಾದ ಕಡೆಯ ಒಂದು ಊರಲ್ಲಿ ಪುತಳಾಬಾಯಿಯ ಅಂಗಳಕ್ಕೆ ಹೆಸರಿತ್ತು. ಅರಿಶಿನ ಬೇಯಿಸುವ ದಿನ ನಸುಕಿನಲ್ಲೇ ಎದ್ದು, ಹೊಸ ಸಗಣಿಯಿಂದ ಎರಡು ಸಲ ಸಾರಿಸುತ್ತಿದ್ದಳು. ಬೆಂದ ಕೊಂಬು ಹರವಲು ಅದಕ್ಕಿಂತ ಚೊಕ್ಕ ಜಾಗ ಯಾವುದಿದೆ? ಒಣಗಿಸಲೆಂದೇ ಸರ್ಕಾರ ಅರ್ಧ ಬೆಲೆಗೆ ಕೊಟ್ಟ ತಾಡಪತ್ರಿಯನ್ನು ಜೋಳದ ಕಣಕಿಯ ಬಣವಿ ಹೊದ್ದು ಕೂತಿತ್ತು. ಪ್ಲಾಸ್ಟಿಕ್ಕಿನ ಮೇಲೆ ಅರಿಶಿನವೇ? ಛೇ!

ಈ ವರ್ಷ ಭಾಲ್ಕಿಯ ರೈತರ ಕಂಪನಿ ಮೊದಲ ಸಲ ಹೊರದೇಶಕ್ಕೆ ಅರಿಶಿನ ಕಳಿಸುವುದಿತ್ತು. ಅದರಲ್ಲಿ ತನ್ನದೂ ಹೋಗುತ್ತದೆಂದು ಪುತಳಾಬಾಯಿ ಊರಿಗೆಲ್ಲ ಹೇಳಿಬಿಟ್ಟಿದ್ದಳು. ಅರ್ಧ ಬೆಳೆ ಅಗೆದು, ಬೇಯಿಸಿ, ಅಂಗಳದಲ್ಲಿ ಒಣಗಿಸಿ, ಪರೀಕ್ಷೆಗೆಂದು ಅದರ ಸ್ಯಾಂಪಲ್ಲನ್ನೂ ಕೊಟ್ಟಿದ್ದಳು.

ಬೀದರಿನಿಂದ ತೋಟಗಾರಿಕೆ ಇಲಾಖೆಯ ಸಪ್ನಾ ಸ್ಕೂಟಿಯಲ್ಲಿ ಬಂದಳು. ಮುಖ ಸಪ್ಪಗಿತ್ತು.

"ಆಯಿ, ನಿಮ್ಮ ಸ್ಯಾಂಪಲ್ ಪಾಸ್ ಆಗಿಲ್ರಿ. ಸಗಣಿಯ ಕ್ರಿಮಿ ಸಿಕ್ಕಾವಂತ."

"ನನ್ನ ಅಂಗಳ ಹೊಲಸು ಅನ್ಲತ್ತಿ ಏನವ್ವ?"

"ಅಂಗಳ ಚೊಕ್ಕ ಅದರಿ. ಪರೀಕ್ಷಾ ಮಾಡೋ ಯಂತ್ರಕ್ಕ ಅದು ತಿಳಿಯಂಗಿಲ್ಲ."

"ಹಂಗಾರ ಯಂತ್ರಕ್ಕ ಒಂದಿನ ನಮ್ಮ ಮನಿಗಿ ಕರ್ಕೊಂಡು ಬಾ. ಊಟಕ್ಕ ಹಾಕ್ತೇನಿ."

ಸೊಸೆ ಸಿದ್ದೇಶ್ವರಿ ಸೆರಗಿನ ಮರೆಯಲ್ಲಿ ನಕ್ಕಳು. ಸಪ್ನಾ ನಗಲಿಲ್ಲ. "ಹೊಲದಾಗ ಇನ್ನಾ ಅರ್ಧ ಅದಲ್ರಿ, ಅದನ್ನ ಭಾಲ್ಕಿ ಕಂಪನಿಗಿ ತರ್ರಿ. ಸರ್ಕಾರದ ಸಹಾಯಧನದಾಗ ಉಗಿ ಬಾಯ್ಲರ್ ಕೂಡಿಸ್ಯಾರ, ಒಣಗಿಸ್ಲಿಕ್ಕ ಸಿಮೆಂಟಿನ ಕಣ ಮಾಡ್ಯಾರ."

ಎರಡು ದಿನ ಪುತಳಾಬಾಯಿ ಆಳು ಹಚ್ಚಿ ಉಳಿದ ಅರಿಶಿನ ಅಗೆಸಿದಳು. ಮೂರನೆಯ ದಿನ ಹಸಿ ಅರಿಶಿನವನ್ನು ಟೆಂಪೊಗೆ ಹೇರಿಸಿದಳು. "ಅವರ ಚೊಕ್ಕಟ ಎಷ್ಟದ, ನೋಡೇ ಬಿಡ್ತೇನಿ."

ಮನೆಯಲ್ಲಿ ಅರ್ಧ ದಿನದ ಕಟ್ಟಿಗೆ ಬೇಡುವ ಕೆಲಸ ಬಾಯ್ಲರಿನಲ್ಲಿ ಒಂದು ತಾಸಿಗೆ ಮುಗಿಯಿತು. ಅವಳಿಗೆ ಹಿಡಿಸಿತು. ಅಷ್ಟರಲ್ಲಿ ಬಾಯ್ಲರ್ ನೋಡಿಕೊಳ್ಳುವ ಅಮಿತಕುಮಾರ ಚಪ್ಪಲಿ ಮೆಟ್ಟಿಕೊಂಡೇ ಕಣ ದಾಟಿದ.

"ಏ ತಮ್ಮಾ! ಯಂತ್ರಕ್ಕ ನನ್ನ ಸಗಣಿ ಕಾಣಸ್ತದ, ನಿನ್ನ ಚಪ್ಪಲಿ ಕಾಣಸಂಗಿಲ್ಲೇನು?"

ಅವನು ನಾಲಿಗೆ ಕಚ್ಚಿಕೊಂಡು ಚಪ್ಪಲಿ ಬಿಟ್ಟ. "ನೀವೇ ಇಲ್ಲಿ ಸಾಹೇಬ್ರಾಗ್ರಿ ಆಯಿ."

ಆದಳು. ಅರಿಶಿನ ಒಣಗುವ ತನಕ ದಿನಾ ರೊಟ್ಟಿ ಕಟ್ಟಿಕೊಂಡು ಬಸ್ಸು ಹತ್ತಿ ಬಂದಳು. ಬೇವಿನ ನೆರಳಲ್ಲಿ ಕೂತು ನಾಯಿ ಓಡಿಸಿದಳು, ಕೊಂಬು ತಿರುವಿದಳು, ಗೇಟಿನ ಹತ್ತಿರ ಜನ ಬಿಟ್ಟ ಚಪ್ಪಲಿ ಎಣಿಸಿದಳು. ಅಂಗಳದಲ್ಲಿ ಒಣಗಿದ ಅರ್ಧ ಬೆಳೆ ಎಂದಿನಂತೆ ಪೇಟೆಗೆ ಹೋಯಿತು.

ಎರಡನೆಯ ಸ್ಯಾಂಪಲ್ ಪಾಸಾಯಿತು. ಲಾರಿ ತುಂಬುವಾಗ ಪುತಳಾಬಾಯಿ ಸಪ್ನಾಳ ಪಕ್ಕದಲ್ಲೇ ನಿಂತಿದ್ದಳು.

"ಯಾವ ದೇಶಕ್ಕ ಹೊಂಟದ?"

"ಜರ್ಮನಿಗಂತರಿ."

"ಅಲ್ಲಿ ಅವರು ಯಾತಕ್ಕ ಹಾಕ್ತಾರ?"

"ನನಗೂ ಗೊತ್ತಿಲ್ರಿ ಆಯಿ." ಸಪ್ನಾ ಚೀಲದ ಲೆಕ್ಕ ಬರೆದುಕೊಂಡಳು.

"ಚೀಲದಾಗ ಒಂದು ಚೀಟಿ ಬರದು ಇಡವ್ವ. ಬ್ಯಾಳಿ ಸಾರಿಗಿ ಚಿಟಿಕಿ ಸಾಕು, ಹೆಚ್ಚಾದ್ರ ಕಹಿ ಆಗ್ತದಂತ. ಪಾಪ, ಅವರಿಗಿ ಹ್ಯಾಂಗ ತಿಳೀಬೇಕು?"