ಉಪದೇಶಿ ಇನ್ನಾಸಪ್ಪನ ಸುಣ್ಣದ ಗೋಡೆ

೧೯೫೮ರ ಈಸ್ಟರ್ ಭಾನುವಾರ ಬೆಳಿಗ್ಗೆ, ಆರು ಇಡ್ಲಿ ತುಂಬಿದ ಹೊಟ್ಟೆ ಹೊತ್ತುಕೊಂಡು ನಾನು ಮೊದಲ ಸಲ ಚರ್ಚಿಗೆ ಹೋದೆ. ಹೆಬ್ಬಾಳದ ಶಾಲೆಗೆ ಆಗಷ್ಟೇ ವರ್ಗವಾಗಿ ಬಂದಿದ್ದ ಮೇಷ್ಟರು ನಾನು. ಕೆಂಪಾಪುರದ ದಾರಿಯಲ್ಲಿದ್ದ ಕ್ರೈಸ್ತರ ಹಟ್ಟಿಯ ಮಕ್ಕಳು ಕರೆದಿದ್ದರು. ಪೂಜೆಯ ನಡುವೆ ಜನ ಎದ್ದು ಮುಂದೆ ಹೋಗಿ ಸಾಲಾಗಿ ಮಂಡಿಯೂರಿದರು. ಪಾದ್ರಿಗಳು ಬೆಳ್ಳಗಿನದೇನನ್ನೋ ಕೊಡುತ್ತ ಬರುತ್ತಿದ್ದರು. ಪ್ರಸಾದಕ್ಕೆ ಹಿಂದೆ ಬೀಳುವ ವಂಶ ನಮ್ಮದಲ್ಲ. ನಾನೂ ಹೋಗಿ ಮಂಡಿಯೂರಿ ಬಲಗೈ ಚಾಚಿದೆ. ಅಕ್ಕಪಕ್ಕದವರೆಲ್ಲ ಕಣ್ಣು ಮುಚ್ಚಿ ನಾಲಿಗೆ ಒಡ್ಡಿದ್ದರು. ನಾನೊಬ್ಬನೇ ತೀರ್ಥಕ್ಕೆ ಕಾದವನಂತೆ ಅಂಗೈ ಗುಳಿ ಮಾಡಿಕೊಂಡಿದ್ದೆ. ಪಾದ್ರಿಗಳ ಕೈ ಗಾಳಿಯಲ್ಲೇ ನಿಂತಿತು. ಹೆಂಗಸರ ಕಡೆಯಿಂದ ಕಿಸಕ್ಕನೆ ನಗು ಕೇಳಿತು. ಯಾರೋ ಹಿಂದಿನಿಂದ ನನ್ನ ಕೋಟು ಜಗ್ಗಿದರು.

“ಏಳಿ ಮೇಷ್ಟ್ರೇ. ಇದು ನಿಮ್ಗಲ್ಲ. ನನ್ಗೂ ಅಲ್ಲ. ಬನ್ನಿ, ಇಂದೆ ಕೂತ್ಕಳಣ.”

ಅವರೇ ಇನ್ನಾಸಪ್ಪ, ಆ ಚರ್ಚಿನ ಉಪದೇಶಿ. ಪಾದ್ರಿಗಳು ಪಟ್ಟಣದಿಂದ ತಿಂಗಳಿಗೆರಡು ಸಲ ಬರುವವರು. ಉಳಿದ ದಿನ ಗಂಟೆ ಹೊಡೆಯುವುದು, ಜಪ ಹೇಳಿಸುವುದು, ಸತ್ತವರಿಗೆ ಪ್ರಾರ್ಥನೆ, ಮಕ್ಕಳನ್ನು ಸತ್ಪ್ರಸಾದಕ್ಕೆ ಸಿದ್ಧ ಮಾಡುವುದು, ಎಲ್ಲ ಇವರದೇ. ಊರಿಗೆಲ್ಲ ದಾರಿ ತೋರಿಸುವ ಮನುಷ್ಯ ತಾನು ಮಾತ್ರ ಏಳು ವರ್ಷದಿಂದ ಆ ಬೆಳ್ಳಗಿನ ಸತ್ಪ್ರಸಾದ ಮುಟ್ಟಿರಲಿಲ್ಲ.

ಕಾರಣ ತಿಳಿಯಲು ನನಗೆ ಆರು ತಿಂಗಳು ಹಿಡಿಯಿತು. ಪ್ರಾಣ ಹೋಗುವ ಕೂಸಿಗೆ ಯಾರು ಬೇಕಾದರೂ ನೀರು ಹೊಯ್ದು, ಎರಡು ಮಾತು ಹೇಳಿ, ಕ್ರೈಸ್ತ ಮತಕ್ಕೆ ಸೇರಿಸುವ ಜ್ಞಾನಸ್ನಾನ ಕೊಡಬಹುದು ಎಂಬುದು ಅವರ ನಿಯಮ. ಹಿಂದೊಮ್ಮೆ ಹಟ್ಟಿಯ ಮುದುಕಿಯೊಬ್ಬಳು ಹಾಗೆ ಕೊಡುವಾಗ ಆ ಮಾತುಗಳನ್ನು ತಪ್ಪಾಗಿ ಹೇಳಿದಳು. ಇನ್ನಾಸಪ್ಪ ತುಂಬಿದ ಚರ್ಚಿನಲ್ಲಿ ಎದ್ದು ನಿಂತು, “ಇನ್ಮೇಕೆ ಎಂಗಸ್ರು ಇದ್ಕೆ ಕೈ ಆಕ್ಬ್ಯಾಡಿ, ನನ್ಗೆ ಏಳ್ಕಳ್ಸಿ” ಎಂದು ಗದರಿದರು. ವಿದ್ಯೆಯ ಅಹಂಕಾರ. ನಾನೂ ಮೇಷ್ಟರೇ ಆದ್ದರಿಂದ ಆ ಕಾಯಿಲೆ ನನಗೆ ಗೊತ್ತು.

೧೯೫೧ರಲ್ಲಿ ಅವರ ಸ್ವಂತ ತಂಗಿ ಮರಿಯಮ್ಮನಿಗೆ ಹೆರಿಗೆಯಾಯಿತು. ಮದುವೆಯಾಗಿ ಹನ್ನೆರಡು ವರ್ಷಕ್ಕೆ ಹುಟ್ಟಿದ ಹೆಣ್ಣುಕೂಸು, ಸರಿಯಾಗಿ ಉಸಿರಾಡುತ್ತಿಲ್ಲ. ಗಂಡ ಚೌರಪ್ಪ ಓಡಿ ಬಂದ. ಮಾರನೆಯ ದಿನ ಬಿಷಪ್ಪರು ಬರುವವರಿದ್ದರು. ಇನ್ನಾಸಪ್ಪ ಚರ್ಚಿನ ಹಿಂದಿನ ಸ್ಮಶಾನದ ಗೋಡೆಗೆ ಸುಣ್ಣ ಬಳಿಯುತ್ತಿದ್ದರು. “ಉಟ್ಟಿದ್ ಕೂಸೆಲ್ಲಾ ಇಂಗೇ ಆಡ್ತವೆ. ಇನ್ನೊಂದು ಮಾರುದ್ದ ಐತೆ, ಬಳ್ದು ಬತ್ತೀನಿ ನಡಿ” ಎಂದರು.

ಬಳಿದು ಹೋದರು. ಮರಿಯಮ್ಮ ನೀರಿನ ಚೊಂಬು ಹಿಡಿದುಕೊಂಡೇ ಕೂತಿದ್ದಳು. ಅಣ್ಣ ಕೈ ಹಾಕಬೇಡಿ ಎಂದಿದ್ದ, ಅವಳು ಹಾಕಿರಲಿಲ್ಲ. ಕೂಸು ತಣ್ಣಗಾಗಿತ್ತು. ಜ್ಞಾನಸ್ನಾನವಿಲ್ಲದ ಕೂಸಿಗೆ ಸ್ಮಶಾನದ ಒಳಗೆ ಜಾಗವಿಲ್ಲ. ಆಗಷ್ಟೇ ಬೆಳ್ಳಗಾದ ಗೋಡೆಯ ಆಚೆ ಇನ್ನಾಸಪ್ಪ ತಾವೇ ಮಣ್ಣು ಮಾಡಿ ಬಂದರು. ಅವತ್ತಿನಿಂದ ಅವಳು ಅಣ್ಣನ ಜೊತೆ ಮಾತು ಬಿಟ್ಟಳು. ಮತ್ತೆ ಮಕ್ಕಳಾಗಲಿಲ್ಲ.

ಪಾದ್ರಿಗಳು ಪಾಪನಿವೇದನೆ ಕೇಳಿ, ದೇವರು ಕ್ಷಮಿಸಿದ್ದಾನೆ ಹೋಗಪ್ಪ ಎಂದರಂತೆ. ಇವರು ಒಪ್ಪಲಿಲ್ಲ. “ಕಾಣ್ಕೆ ತಂದೋನು ಮೊದ್ಲು ಒಡಹುಟ್ಟಿದೋರತ್ರ ರಾಜಿ ಆಗಿ ಬಾ ಅಂತ ಯೇಸಪ್ಪನೇ ಏಳವ್ನೆ. ಅವಳು ಬಾಯಿ ಬುಡ್ಬೇಕು, ಸ್ವಾಮಿ.” ಪ್ರತಿವರ್ಷ ಶುಭ ಶುಕ್ರವಾರದ ಹಿಂದಿನ ದಿನ ನಾಲ್ಕು ಮನೆಯಾಚೆಗಿನ ತಂಗಿಯ ಬಾಗಿಲಲ್ಲಿ ನಿಂತು ಬರುತ್ತಿದ್ದರು.

೧೯೫೯ರಲ್ಲಿ ನಾನೂ ಜೊತೆಗೆ ಹೋದೆ. ಬಳಪಕ್ಕೆ ಜಗಳವಾಡುವ ಇಬ್ಬರು ಹುಡುಗರನ್ನು ರಾಜಿ ಮಾಡಿಸಲಾರದ ನನಗೆ ಆ ಧೈರ್ಯ ಎಲ್ಲಿಂದ ಬಂತೋ.

“ಬನ್ನಿ ಮೇಷ್ಟ್ರೇ, ಕಾಪಿ ಕುಡೀರಿ” ಎಂದು ಮರಿಯಮ್ಮ ನನಗೆ ಚಾಪೆ ಹಾಕಿದಳು. ಅಣ್ಣ ಹೊಸಲಿನಾಚೆಯೇ ನಿಂತಿದ್ದರು.

“ಮರೀ, ತಪ್ಪಾಯ್ತು ಕಣಮ್ಮ” ಎಂದರು ಅಲ್ಲಿಂದಲೇ.

ನಾನು ಗಂಟಲು ಸರಿಮಾಡಿಕೊಂಡೆ. “ಎಷ್ಟು ಸಲ ತಪ್ಪು ಮಾಡಿದ್ರೂ ಕ್ಷಮಿಸ್ಬೇಕು ಅಂತ ನಿಮ್ಮಲ್ಲೇ ಹೇಳಿದೆಯಂತಲ್ಲಮ್ಮ.”

“ಐತೆ. ಇವ್ರೇ ಕಲ್ಸಿದ್ದು” ಎಂದಳು, ನನ್ನನ್ನೇ ನೋಡುತ್ತ. “ನನ್ಗೆ ಮಾಡಿದ್ದನ್ನ ನಾನು ಎಂದೋ ಬುಟ್ಟೆ ಮೇಷ್ಟ್ರೇ. ಆ ಕೂಸ್ಗೆ ಮಾಡಿದ್ದನ್ನ ನಾನೆಂಗೆ ಬುಡ್ಲಿ? ಕರ್ದು ಕೇಳಣ ಅಂದ್ರೆ ಅದ್ಕೊಂದು ಎಸ್ರೂ ಇಲ್ಲ.”

ಕಾಪಿ ಚೆನ್ನಾಗಿತ್ತು. ಎರಡು ಗುಟುಕಿಗೇ ಲೋಟ ಇಟ್ಟು ಎದ್ದೆ.

೧೯೬೨ರ ಮಾಘದಲ್ಲಿ ಮರಿಯಮ್ಮ ಹಾಸಿಗೆ ಹಿಡಿದಳು. ಹತ್ತನೆಯ ದಿನ ಅಣ್ಣನಿಗೆ ಹೇಳಿ ಕಳಿಸಿದಳು. ಹಗ್ಗ ಹಿಡಿದು ಗಂಟೆ ಹೊಡೆಯುತ್ತಿದ್ದ ಇನ್ನಾಸಪ್ಪ ಅರ್ಧಕ್ಕೇ ಬಿಟ್ಟು ಓಡಿದರು. ಒಂದು ಗಳಿಗೆ ಅವಳ ಪಕ್ಕ ಕೂತಿದ್ದರಂತೆ. ಅವಳು ತೀರಿಕೊಂಡ ಮೇಲೆ ಪಟ್ಟಣಕ್ಕೆ ಹೋಗಿ ಪಾದ್ರಿಗಳ ಮುಂದೆ ನಿಂತು, ತಂಗಿಯನ್ನು ಗೋಡೆಯ ಹೊರಗೆ, ಕೂಸಿನ ಪಕ್ಕ ಹೂಳಬೇಕೆಂದರು. ಒಳ್ಳೆಯ ಕ್ರೈಸ್ತಳನ್ನು ಹೊರಗೆ ಹಾಕುವುದುಂಟೇ ಎಂದು ಪಾದ್ರಿಗಳು ರೇಗಿದರು. ಇವರು ಪಾದ್ರಿಗಳ ಮನೆಯ ಮೆಟ್ಟಿಲ ಮೇಲೆ ಕೂತವರು ಏಳಲಿಲ್ಲ. ಕೊನೆಗೆ ಪಾದ್ರಿಗಳು ಆ ಒಂದು ಗುಂಡಿಯನ್ನು ಮಾತ್ರ ಮಂತ್ರಿಸಿ ಕೊಡಲು ಒಪ್ಪಿಕೊಂಡರು. ಗುಂಡಿಯನ್ನು ಇನ್ನಾಸಪ್ಪ ಯಾರ ಕೈಗೂ ಕೊಡಲಿಲ್ಲ. ಅರವತ್ತರ ವಯಸ್ಸಿನಲ್ಲಿ ತಾವೇ ತೋಡಿದರು.

ಮಣ್ಣಾದ ಮೇಲೆ ಸಂಜೆ ಅವರ ಪಕ್ಕ ಕೂತೆ. ಸುಮ್ಮನಿರುವ ವಿದ್ಯೆ ನನಗೆ ಇವತ್ತಿಗೂ ಬಂದಿಲ್ಲ.

“ಕೊನೇಲಾದ್ರೂ ನಿಮ್ಮ ಹತ್ರ ಮಾತಾಡಿದ್ರಾ? ಕ್ಷಮಿಸ್ದೆ ಅಂದ್ರಾ?”

ಇನ್ನಾಸಪ್ಪ ಉಗುರಿನ ಮಣ್ಣು ತೆಗೆಯುತ್ತಿದ್ದರು.

“ಮಾತಾಡುದ್ಲು. ‘ಗುಂಡಿ ಆಳ ತೋಡು, ಗೋಡೆಯಾಚೆ ನಾಯಿ ಕೆರೀತವೆ’ ಅಂದ್ಲು.”