ಉಸಿರಾಡುವ ಡ್ರಾಯರು

ಬಡಗಿಯಾದ ನಮ್ಮ ಮಾವ ಕ್ಲೆಮ್‌ಗೆ ದೇವರಲ್ಲಿ ಎಷ್ಟು ನಂಬಿಕೆಯೋ ನಾನರಿಯೆ, ಡ್ರಾಯರಿನಲ್ಲಿ ಮಾತ್ರ ಪೂರ್ತಿ ನಂಬಿಕೆ. ಒಳ್ಳೆಯ ಡ್ರಾಯರು ಉಸಿರಾಡಬೇಕು ಎನ್ನುತ್ತಾರೆ. ಬೀರುವಿನ ಕೆಳಗಿನ ಡ್ರಾಯರನ್ನು ಮುಚ್ಚಿದರೆ, ಒಳಗಿನ ಗಾಳಿಗೆ ಹೋಗಲು ದಾರಿಯಿಲ್ಲದೆ, ಮೇಲಿನದು ತಾನಾಗಿ ಒಂದು ಬೆರಳು ಮುಂದೆ ಬರಬೇಕು. ಅಷ್ಟು ನಯವಾಗಿ, ಅಷ್ಟೇ ಬಿಗಿಯಾಗಿ ಕೂತಿರಬೇಕು. ಹಾಗೆ ಉಸಿರಾಡಿದ ಬೀರುವಿನ ಬೆನ್ನಿಗೆ ಮಾತ್ರ ಅವರು ಮನೆತನದ ಕಬ್ಬಿಣದ ಮುದ್ರೆಯನ್ನು ಕಾಯಿಸಿ ಒತ್ತುವುದು. ಮುದ್ರೆ ಬಿದ್ದವರು ಮೇಸ್ತ್ರಿ. ಬೀಳದವರು, ತಲೆ ನರೆತರೂ, ಇನ್ನೂ ಕಲಿಯುವವರು.

ನನ್ನ ಗಂಡ ರೆಕ್ಸ್‌ಗೆ ಮೀಸೆ ಬಲಿಯುವ ಮೊದಲೇ ಮುದ್ರೆ ಬಿತ್ತು. ಅವನ ಅಕ್ಕ ಐಲ್ಸಾಗೆ ತಲೆ ನರೆತರೂ ಬೀಳಲಿಲ್ಲ. ಹ್ಯೂಆನ್ ನದಿಯ ಈ ದಂಡೆಯಲ್ಲಿ ಅವಳಷ್ಟು ಚೆಂದದ ಕುರ್ಚಿ ಮಾಡುವವರಿಲ್ಲ. ಆದರೆ ಡ್ರಾಯರು ಕೂರಿಸುವಾಗ ಅವಳಿಗೆ ತಾಳ್ಮೆಯೇ ಇಲ್ಲ. ‘ಇನ್ನೊಂದೇ ಸಲ’ ಎಂದು ಮರ ಹೆರೆಯುವ ಹತ್ತರಿ ಎಳೆಯುತ್ತಾಳೆ, ಡ್ರಾಯರು ಸಡಿಲವಾಗಿ ಲಟಲಟ ಎನ್ನುತ್ತದೆ. ಆತುರಗಾರನಿಗೆ ಬುದ್ಧಿ ಮಟ್ಟ ಎನ್ನುವುದು ಅವಳನ್ನು ನೋಡಿಯೇ ಹುಟ್ಟಿದ ಮಾತಿರಬೇಕು. ಪಾಲಿಶ್ ಹೊಡೆಯುವವಳು ನಾನು. ಮುದ್ರೆಯಿಲ್ಲದ ಅವಳ ಬೀರುಗಳ ಬೋಳು ಬೆನ್ನನ್ನು ಉಜ್ಜುವಾಗೆಲ್ಲ ನನಗೆ ಅಯ್ಯೋ ಎನಿಸುತ್ತಿತ್ತು.

ಅಷ್ಟರಲ್ಲಿ ಸೇಬಿನ ತೋಟದ ವರ್ನನ್ ಬಂದ. ಐಲ್ಸಾ ಕೈಯಲ್ಲಿ ಒಂದು ಸ್ಟೂಲು ಮಾಡಿಸಿಕೊಂಡ. ಮತ್ತೊಂದು ಬೇಕೆಂದ, ಆಮೇಲೆ ಇನ್ನೊಂದು. ಒಂಟಿ ಮನುಷ್ಯ, ಮನೆಯೊಳಗೆ ಕಾಲಿಡಲು ಜಾಗವಿಲ್ಲದಷ್ಟು ಸ್ಟೂಲು.

ಕೊನೆಗೆ ಐಲ್ಸಾ ರೇಗಿದಳು. “ಏನಯ್ಯಾ, ನಿಮ್ಮನೇಲಿ ಕೂತ್ಕೊಳ್ಳೋರಾದ್ರೂ ಯಾರಿದಾರೆ?”

“ಒಬ್ರನ್ನ ಕರಿಯೋಣ ಅಂತಿದೀನಿ,” ಎಂದ ವರ್ನನ್, ಕಿವಿಯವರೆಗೂ ಕೆಂಪಾಗಿ. “ಬರ್ತಾರೋ ಇಲ್ವೋ ಕೇಳೋಕೇ ಇಷ್ಟು ಸ್ಟೂಲು ಬೇಕಾಯ್ತು.”

ಮದುವೆ ಗೊತ್ತಾಯಿತು. ಈ ಮನೆಯ ಹೆಣ್ಣು ತನ್ನ ಬೀರುವನ್ನು ತಾನೇ ಮಾಡಿಕೊಂಡು ಹೋಗಬೇಕು. ಮದುವೆಯ ಬೆಳಿಗ್ಗೆ ಅಪ್ಪ ಅದರ ಡ್ರಾಯರು ಮುಚ್ಚಿ ನೋಡಬೇಕು. ಐಲ್ಸಾಗೆ ಇದೇ ಕೊನೆಯ ಅವಕಾಶ. ಬ್ಲ್ಯಾಕ್‌ವುಡ್ ಮರದ ಮೈ, ಹ್ಯೂಆನ್ ಪೈನ್ ಮರದ ಡ್ರಾಯರು, ಒಂದೂ ಮೊಳೆಯಿಲ್ಲ. ಈ ಸಲ ಹತ್ತರಿ ಎಳೆಯಬೇಕೆನಿಸಿದಾಗೆಲ್ಲ ಕೈ ಕಟ್ಟಿಕೊಂಡು ಹೊರಗೆ ಹೋಗಿ ಕೋಳಿಗಳಿಗೆ ಬೈದು ಬರುತ್ತಿದ್ದಳು. ಅವಳ ಮೇಲಿನ ಭರವಸೆ ತೋರಿಸಲೆಂದು ವರ್ನನ್ ಮದುವೆಯ ಉಂಗುರವನ್ನು ಮೇಲಿನ ಪುಟ್ಟ ಡ್ರಾಯರಿನಲ್ಲೇ ಇಟ್ಟು ಹೋದ.

ಆಮೇಲೆ ವಾರವಿಡೀ ಮಳೆ. ಮರ ಉಬ್ಬಿತು. ಮದುವೆಯ ಬೆಳಿಗ್ಗೆ ಕೆಳಗಿನ ಡ್ರಾಯರುಗಳು ಬಂದವು, ಉಂಗುರದ್ದು ಅಲ್ಲಾಡಲಿಲ್ಲ.

“ಇಷ್ಟು ವರ್ಷ ಸಡಿಲ, ಇವತ್ತು ನೋಡಿದ್ರೆ ಬಿಗಿ,” ಎಂದರು ಮಾವ. “ಮಧ್ಯದಲ್ಲಿ ನಿಲ್ಲೋ ಜಾತಿನೇ ಅಲ್ಲ ಇವಳು.”

ರೆಕ್ಸ್ ಗರಗಸ ತಂದ. ಐಲ್ಸಾ ಮದುವೆಯ ಬಿಳಿ ಬಟ್ಟೆಯಲ್ಲೇ ಬೀರುವಿಗೆ ಅಡ್ಡ ನಿಂತಳು. “ಗರಗಸ ಇಟ್ಯೋ, ನನಗೆ ಮದುವೇನೂ ಬೇಡ, ನೀನೂ ಬೇಡ!”

“ಹಾಗಾದ್ರೆ ಉಂಗುರಕ್ಕೆ ಏನ್ಮಾಡ್ತೀಯೇ?” ಎಂದ ರೆಕ್ಸ್.

“ಬೀರೂನೇ ಚರ್ಚಿಗೆ ಬರುತ್ತೆ!”

ಬಂದೇ ಬಂತು. ಪಿಕಪ್ ಗಾಡಿಯಲ್ಲಿ ಬೀರು, ಅದನ್ನು ತಬ್ಬಿಕೊಂಡು ಮದುಮಗಳು, ಹಿಂದೆ ಮದುವೆ ಊಟದ ಸ್ಕಾಲಪ್ ಚಿಪ್ಪುಮೀನಿನ ಪೈ ತುಂಬಿದ ತಟ್ಟೆಗಳ ನಡುವೆ ನಾನು. ಪುಣ್ಯಕ್ಕೆ ಬಿಸಿಲು ಬಂತು, ಗಾಳಿಯೂ ಬೀಸಿತು. ಚರ್ಚಿನಲ್ಲಿ ಬೀರುವನ್ನು ಸೌದೆ ಒಲೆಯ ಪಕ್ಕಕ್ಕೆ ಇಳಿಸಿದೆವು. ಅದು ಒಣಗಲಿ ಎಂದು ಮದುವೆ ಮಾಡಿಸುವ ಪಾದ್ರಿಯಮ್ಮ ಹಾಡಿದ ಹಾಡನ್ನೇ ಮತ್ತೆ ಹಾಡಿಸಿದರು. ಗಂಟಲು ಕಟ್ಟಿದ ಮೇಲೆ ಜನ ಸುಮ್ಮನೆ ಬಾಯಾಡಿಸತೊಡಗಿದರು.

“ಉಂಗುರ ಇಲ್ದಿದ್ರೂ ನಡಿಯುತ್ತೆ ಕಣೇ,” ಎಂದ ವರ್ನನ್ ಮೆಲ್ಲಗೆ.

“ನಿನಗೆ ನಡಿಯುತ್ತೆ, ನನಗೆ ನಡಿಯಲ್ಲ,” ಎಂದಳು. ಕಣ್ಣಲ್ಲಿ ನೀರಿತ್ತು. ಉಂಗುರಕ್ಕಲ್ಲ ಆ ನೀರು. ಅವಳು ನೋಡುತ್ತಿದ್ದದ್ದು ಅಪ್ಪನನ್ನು.

ಮಾವ ಎದ್ದರು. ಬೀರುವಿನ ತೀರಾ ಕೆಳಗಿನ ಡ್ರಾಯರನ್ನು ಪೂರ್ತಿ ಎಳೆದರು. ಅಂಗೈ ಇಟ್ಟು, ಮಗುವಿನ ಬೆನ್ನು ತಳ್ಳುವ ಹಾಗೆ, ನಿಧಾನವಾಗಿ ಮುಚ್ಚಿದರು.

ಏನೂ ಆಗಲಿಲ್ಲ. ರೆಕ್ಸ್ ನನ್ನ ಮೊಣಕೈ ಹಿಂಡಿದ. ಆಮೇಲೆ ‘ಹೂಂ’ ಎಂದು ಸಣ್ಣ ಸದ್ದಾಯಿತು. ಪುಟ್ಟ ಡ್ರಾಯರು, ಯಾರೋ ಒಳಗಿನಿಂದ ಇಣುಕಿದಂತೆ, ಒಂದು ಬೆರಳು ಮುಂದೆ ಬಂತು.

ಚರ್ಚು ಹಾರಿಹೋಗುವಂತೆ ಕೂಗಿದೆವು. ಪಾದ್ರಿಯಮ್ಮ ಪುಸ್ತಕ ಬೀಳಿಸಿದರು. ವರ್ನನ್ ಡ್ರಾಯರಿನಿಂದ ಉಂಗುರ ತೆಗೆದು ಓಡಿ ಬಂದ. ಐಲ್ಸಾ ಅವನ ಕಡೆ ನೋಡಲೇ ಇಲ್ಲ.

“ಅಪ್ಪಾ, ಮುದ್ರೆ ಮನೇಲಿದೆ. ಯಾರಾದ್ರೂ ಓಡಿ—”

“ಯಾರೂ ಓಡ್ಬೇಡಿ,” ಎಂದರು ಮಾವ. ಕೋಟಿನ ಜೇಬಿನಿಂದ ಮುದ್ರೆ ತೆಗೆದರು. ಬೆಳಿಗ್ಗೆ ಆ ಡ್ರಾಯರು ಅಲ್ಲಾಡದೆ ನಾವೆಲ್ಲ ಬಾಯಿ ಬಡಿದುಕೊಳ್ಳುತ್ತಿದ್ದಾಗಲೂ ಅದು ಅವರ ಜೇಬಿನಲ್ಲೇ ಇತ್ತು. ಅದನ್ನು ಒಲೆಯ ಕೆಂಡಕ್ಕಿಟ್ಟು, ಮಗಳನ್ನು ಕರೆದರು. “ಬಾ ಮಗಳೇ, ನೀನೇ ಒತ್ತು.”

ಐಲ್ಸಾ ಕೈ ಚಾಚಿದಳು.

“ಆತುರ ಬೇಡ. ಇನ್ನೂ ಕಾದಿಲ್ಲ.”

ಅವಳು ಕೈ ಹಿಂದಕ್ಕೆ ತೆಗೆದುಕೊಂಡಳು, ಉಂಗುರ ಹಿಡಿದು ನಿಂತಿದ್ದ ವರ್ನನ್ ಕಡೆ ತಿರುಗಿದಳು. “ನೀನೂ ಸ್ವಲ್ಪ ತಡಿಯಪ್ಪ,” ಎಂದಳು. ಮುದ್ರೆ ಕೆಂಪಾಗುವವರೆಗೂ ಇಬ್ಬರೂ ಒಲೆಯ ಮುಂದೆ ಕಾದು ನಿಂತರು.